20% ಡ್ಯೂಟಿ ಅಂದಿದ್ದು 44% ಹೇಗಾಯ್ತು?

ಪ್ರಶ್ನೆ: ಅಂಗಡಿಗೆ ಚೀನಾದಿಂದ ಸರಕು ತರಿಸಿದೆ. ಕಸ್ಟಮ್ಸ್ ಡ್ಯೂಟಿ 20% ಅಂದಿದ್ದರು, ಕಟ್ಟಿದ್ದು ಹತ್ತಿರ ಹತ್ತಿರ 44%. ಏಜೆಂಟ್ ಟೋಪಿ ಹಾಕಿದನಾ?

ಪಾಪ, ಅವನನ್ನು ಬೈಯಬೇಡಿ. 20% ಅನ್ನೋದು ಬರೀ ಮೂಲ ಸುಂಕ. ಸರಕಿನ ಬೆಲೆ 10,000 ರೂಪಾಯಿ ಅಂತ ಇಟ್ಟುಕೊಳ್ಳಿ. ಮೂಲ ಸುಂಕ 2,000. ಆ ಸುಂಕದ ಮೇಲೆ 10% ಸಮಾಜ ಕಲ್ಯಾಣ ಸರ್‌ಚಾರ್ಜ್, ಅಂದರೆ 200. ಈಗ 12,200 ಆಯ್ತಲ್ಲ, ಐಜಿಎಸ್‌ಟಿ (ಆಮದು ಸರಕಿಗೆ ಬೀಳೋ ಜಿಎಸ್‌ಟಿ) ಹಾಕೋದು ಇದರ ಮೇಲೆ, ನಿಮ್ಮ 10,000ದ ಮೇಲಲ್ಲ. 18% ಆದರೆ 2,196. ಎಲ್ಲ ಸೇರಿ 4,396. ತೆರಿಗೆ ಮೇಲೆ ತೆರಿಗೆ, ಹೌದು.

ಆ 10,000 ಕೂಡ ಬರೀ ಇನ್‌ವಾಯ್ಸ್ ಬೆಲೆಯಲ್ಲ, ಸಾಗಣೆ ಖರ್ಚು, ವಿಮೆ ಎಲ್ಲ ಸೇರಿದ್ದು. ಡಾಲರ್ ರೇಟೂ ನಿಮ್ಮ ಬ್ಯಾಂಕಿನದ್ದಲ್ಲ, ಕಸ್ಟಮ್ಸ್‌ನವರು ಪ್ರಕಟಿಸಿದ್ದು. ಜಿಎಸ್‌ಟಿ ನೋಂದಣಿ ಇದ್ದರೆ ಸಾಮಾನ್ಯವಾಗಿ ಆ 2,196 ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ, ಅಂದರೆ ನೀವು ಮುಂದೆ ಕಟ್ಟೋ ಜಿಎಸ್‌ಟಿಯಲ್ಲಿ ಅಷ್ಟು ಕಳೆದುಕೊಳ್ಳಬಹುದು. ಕೈಬಿಟ್ಟು ಹೋಗೋದು 2,200 ಮಾತ್ರ.

ಇನ್ನು ಆ 20% ಬಂದಿದ್ದೆಲ್ಲಿಂದ? ಎಚ್‌ಎಸ್ ಕೋಡ್‌ನಿಂದ, ಅಂದರೆ ಸರಕುಗಳನ್ನು ವಿಂಗಡಿಸೋ ಅಂತರರಾಷ್ಟ್ರೀಯ ಪಟ್ಟಿಯ ನಂಬರ್‌ನಿಂದ. ನಿಜವಾದ ಜಗಳ ಇರೋದೇ ಇಲ್ಲಿ. 1988ರಿಂದ ಜಾರಿಯಲ್ಲಿರುವ ಈ ಪಟ್ಟಿಯಲ್ಲಿ ಪ್ರತಿ ಸರಕಿಗೂ ಒಂದು ನಂಬರ್. ನಮ್ಮ ಮಲೆನಾಡಿನ ಕಾಳುಮೆಣಸನ್ನೇ ನೋಡಿ: 09 ಅಂದರೆ ಕಾಫಿ, ಟೀ, ಸಾಂಬಾರ ಪದಾರ್ಥಗಳ ಅಧ್ಯಾಯ, 0904 ಮೆಣಸಿನ ಗುಂಪು, 090411 ಇಡೀ ಕಾಳು, ಪುಡಿ ಮಾಡಿದರೆ 090412.

ಮೆಣಸಿನಲ್ಲಿ ಸುಲಭ, ಆದರೆ ವ್ಯಾನ್ ವಿಷಯದಲ್ಲಿ? ಅಮೆರಿಕದಲ್ಲಿ ಪ್ಯಾಸೆಂಜರ್ ಗಾಡಿಗೆ ಆಗ 2.5% ಸುಂಕ, ಸರಕಿನ ವ್ಯಾನ್‌ಗೆ 25%. (ಈ 25% ಶುರುವಾಗಿದ್ದು 1964ರಲ್ಲಿ, ಅಮೆರಿಕದ ಕೋಳಿಮಾಂಸಕ್ಕೆ ಯುರೋಪಿನವರು ಸುಂಕ ಹಾಕಿದರು ಅನ್ನೋ ಸಿಟ್ಟಿಗೆ!) ಫೋರ್ಡ್‌ನವರು ಟರ್ಕಿಯಲ್ಲಿ ಮಾಡಿದ ಟ್ರಾನ್ಸಿಟ್ ಕನೆಕ್ಟ್ ವ್ಯಾನ್‌ಗೆ ಹಿಂದಿನ ಸೀಟು ಹಾಕಿ ತರಿಸಿ, 2.5% ಕಟ್ಟಿ, ಕಸ್ಟಮ್ಸ್ ದಾಟಿದ ಮೇಲೆ ಸೀಟು ಕಿತ್ತು ಸರಕಿನ ವ್ಯಾನ್ ಅಂತ ಮಾರುತ್ತಿದ್ದರು. ಭಲೇ ಐಡಿಯಾ ಅಲ್ವಾ? 2019ರಲ್ಲಿ ಮೇಲ್ಮನವಿ ಕೋರ್ಟ್ ಇದು ಸರಕಿನ ವ್ಯಾನೇ ಅಂದಿತು. 2024ರಲ್ಲಿ 36.5 ಕೋಟಿ ಡಾಲರ್ ಕೊಡಲು ಒಪ್ಪಿ ಕಂಪನಿ ರಾಜಿ ಮಾಡಿಕೊಂಡಿತು.

ಹಾಗಾಗಿ ಮುಂದಿನ ಸಲ ಅಡ್ವಾನ್ಸ್ ಕಳಿಸೋ ಮೊದಲೇ ಏಜೆಂಟ್ ಹತ್ತಿರ ಎಂಟು ಅಂಕಿಯ ಕೋಡ್ ಬರೆಸಿಕೊಳ್ಳಿ. ಚೀನಾದವರು ಕೊಟ್ಟ ಕೋಡನ್ನು ಸುಮ್ನೆ ಹಾಗೇ ಹಾಕಬೇಡಿ. ದೇಶದೇಶಗಳ ನಡುವೆ ಹೊಂದೋದು ಮೊದಲ ಆರು ಅಂಕಿ ಮಾತ್ರ, ಆಮೇಲಿನದ್ದು ಆಯಾ ದೇಶದವರು ತಮಗೆ ಬೇಕಾದ ಹಾಗೆ ಮಾಡಿಕೊಂಡಿದ್ದು.