ಕಣ್ಣಿಗೆ ಆಸಿಡ್‌ಗಿಂತ ಸುಣ್ಣದ ಭಯವೇ ಜಾಸ್ತಿ ಇರಬೇಕು

ಬ್ಯಾಟರಿ ಆಸಿಡ್ ಅಂದರೆ ಎಲ್ಲರೂ ದೂರ ಸರಿಯುತ್ತಾರೆ. ಸುಣ್ಣವನ್ನು ಮಾತ್ರ ಬೆರಳಲ್ಲೇ ತೆಗೆದು ಎಲೆಗೆ ಸವರುತ್ತೇವೆ. ಮಂಡ್ಯ ಕಡೆಯ ಆಲೆಮನೆಗಳಲ್ಲಿ ಕಬ್ಬಿನ ಹಾಲು ಕುದಿಯುವಾಗ ಮಡ್ಡಿ ಮೇಲೆ ಬರಲಿ ಅಂತ ಕೊಪ್ಪರಿಗೆಗೆ ಸುಣ್ಣ ಹಾಕುತ್ತಾರೆ. ಆಗ ಕಣ್ಣಿಗೆ ಕನ್ನಡಕ ಹಾಕಿಕೊಂಡವರನ್ನು ನಾನು ಕಂಡಿಲ್ಲ. ಬಾಯಿಗೆ ಹಾಕಿಕೊಳ್ಳುವ ವಸ್ತು ಕಣ್ಣಿಗೆ ಏನು ಮಾಡೀತು ಅನ್ನೋ ಧೈರ್ಯ ಅದು. ಈ ಧೈರ್ಯ ಒಳ್ಳೆಯದಲ್ಲ.

ಕಣ್ಣಿನ ಮುಂಭಾಗದ ತಿಳಿಯಾದ ಪದರ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಆಸಿಡ್ ಬಿದ್ದರೆ ಅದರ ಮೇಲ್ಭಾಗದ ಪ್ರೋಟೀನ್ ಹೆಪ್ಪುಗಟ್ಟುತ್ತದೆ, ಆ ಹೆಪ್ಪೇ ಮುಂದಿನ ಆಸಿಡ್‌ಗೆ ಅಡ್ಡ ನಿಲ್ಲುತ್ತದೆ. ಹೈಡ್ರೋಫ್ಲೋರಿಕ್ ಆಸಿಡ್ ಮಾತ್ರ ಇದಕ್ಕೆ ಬಗ್ಗುವುದಿಲ್ಲ, ಮತ್ತೆ ತೀರಾ ಗಾಢವಾದ ಯಾವ ಆಸಿಡ್ ಆದರೂ ಕಣ್ಣು ಕಳೆಯಬಲ್ಲದು. ಸುಣ್ಣ ಆಸಿಡ್‌ಗೆ ವಿರುದ್ಧ ಗುಣದ ವಸ್ತು, ಅಂದರೆ ಕ್ಷಾರ. ಕ್ಷಾರದ ರೀತಿಯೇ ಬೇರೆ. ಜೀವಕೋಶದ ಹೊರಪೊರೆ ಕೊಬ್ಬಿನದು. ಕೊಬ್ಬಿಗೆ ಕ್ಷಾರ ಸೇರಿದರೆ ಸೋಪಾಗುತ್ತದೆ. ಸೋಪಿನ ಕಾರ್ಖಾನೆಯಲ್ಲಿ ಎಣ್ಣೆಗೆ ಕಾಸ್ಟಿಕ್ ಸೋಡಾ ಬೆರೆಸಿದಾಗ ಏನು ನಡೆಯುತ್ತದೋ, ಸುಣ್ಣ ಬಿದ್ದ ಕಣ್ಣಲ್ಲೂ ಅದೇ ನಡೆಯುತ್ತದೆ. ಪೊರೆ ಕರಗಿದ ಮೇಲೆ ತಡೆಯುವವರು ಯಾರೂ ಇಲ್ಲ. ಕ್ಷಾರ ಒಳಗೆ ಇಳಿಯುತ್ತಲೇ ಹೋಗುತ್ತದೆ.

ಒಳಗಿರುವುದು ಕೊಲಾಜನ್ ಎಳೆಗಳು. ಅವು ಒಂದೇ ಅಳತೆಯ ಅಂತರದಲ್ಲಿ ಜೋಡಣೆಯಾಗಿರುವುದರಿಂದಲೇ ಬೆಳಕು ಚೆದುರದೆ ಸಾಗುತ್ತದೆ. ಜೋಡಣೆ ಕೆಟ್ಟರೆ ಕಾರ್ನಿಯಾ ಬೆಳ್ಳಗಾಗುತ್ತದೆ. ಇನ್ನೂ ಒಳಗೆ, ಒಂದೇ ಕೋಶದಷ್ಟು ದಪ್ಪದ ಪದರವೊಂದು ಸದಾ ನೀರನ್ನು ಹೊರಗೆ ಪಂಪ್ ಮಾಡುತ್ತಿರುತ್ತದೆ. ಈ ಕೋಶಗಳು ಸತ್ತರೆ ದೊಡ್ಡವರಲ್ಲಿ ಮತ್ತೆ ಹುಟ್ಟುವುದಿಲ್ಲ ಅಂತಲೇ ಹೇಳಬೇಕು. ಕಪ್ಪುಗುಡ್ಡೆಯ ಅಂಚಿನಲ್ಲಿ ಮೂಲಕೋಶಗಳಿವೆ. ಮೇಲ್ಪದರವನ್ನು ಹೊಸದಾಗಿ ಹುಟ್ಟಿಸುವುದು ಅವೇ. ಅವೂ ಹೋದರೆ ಬಿಳಿಭಾಗದ ರಕ್ತನಾಳಗಳು ಕಾರ್ನಿಯಾದ ಮೇಲೆ ಹಬ್ಬುತ್ತವೆ. ಹಾಗಾಗಿ ಒಂದು ರಾಸಾಯನಿಕ ಎಷ್ಟು ಉರಿಸುತ್ತದೆ ಅನ್ನುವುದಕ್ಕಿಂತ ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದೇ ಮುಖ್ಯ.

ಆ ಆಳವನ್ನು ಅಳೆಯುವುದು ಹೇಗೆ? ಇದರ ಹಿಂದೆ ದೊಡ್ಡ ಕತೆಯಿದೆ. 1933ರ ಸುಮಾರಿಗೆ ಅಮೆರಿಕದಲ್ಲಿ ಲ್ಯಾಶ್ ಲೂರ್ ಅನ್ನೋ ರೆಪ್ಪೆಗೂದಲ ಬಣ್ಣದಿಂದ ಹೆಂಗಸರು ಕಣ್ಣು ಕಳೆದುಕೊಂಡರು. ಅದನ್ನು ಮಾರುಕಟ್ಟೆಯಿಂದ ತೆಗೆಸಲು ಸರ್ಕಾರದ ಕೈಯಲ್ಲಿ ಕಾನೂನೇ ಇರಲಿಲ್ಲ. 1938ರಲ್ಲಿ ಕಾನೂನು ಬಂತು. 1944ರಲ್ಲಿ ಅಲ್ಲಿನ ಸರ್ಕಾರಿ ವಿಜ್ಞಾನಿ ಜಾನ್ ಡ್ರೇಜ್ ಮತ್ತು ಜೊತೆಗಾರರು ಮೊಲದ ಕಣ್ಣಿನ ಪರೀಕ್ಷೆಯನ್ನು ಪ್ರಕಟಿಸಿದರು. ಮೊಲದ ಒಂದು ಕಣ್ಣಿಗೆ 0.1 ಮಿಲಿಲೀಟರ್ ರಾಸಾಯನಿಕ ಹಾಕುವುದು, ಇನ್ನೊಂದು ಕಣ್ಣನ್ನು ಹೋಲಿಕೆಗೆ ಬಿಡುವುದು, ಕಾರ್ನಿಯಾ ಎಷ್ಟು ಬೆಳ್ಳಗಾಯಿತು ಅಂತ ಕಣ್ಣಲ್ಲೇ ನೋಡಿ 0ಯಿಂದ 4ರವರೆಗೆ ಅಂಕ ಕೊಡುವುದು. ಈಗಿನ ನಿಯಮದಲ್ಲಿ 21 ದಿನಗಳವರೆಗೂ ನೋಡಬಹುದು. ಆ ಮೂಕಪ್ರಾಣಿ ಪಟ್ಟ ಪಾಡು ನೆನೆದರೆ ಸಂಕಟವಾಗುತ್ತದೆ. ವಿಜ್ಞಾನವಾಗಿಯೂ ಅದು ಅರೆಬರೆ. ಮೊಲದ ಕಾರ್ನಿಯಾ ನಮ್ಮದಕ್ಕಿಂತ ತೆಳು, ಅದು ರೆಪ್ಪೆ ಬಡಿಯುವುದೂ ಕಡಿಮೆ. ಜೊತೆಗೆ ಒಬ್ಬರು 2 ಕೊಟ್ಟ ಕಣ್ಣಿಗೆ ಇನ್ನೊಬ್ಬರು 3 ಕೊಡಬಹುದು, ಅಲ್ವಾ?

2009ರಲ್ಲಿ ಒಇಸಿಡಿ, ಅಂದರೆ ರಾಸಾಯನಿಕ ಪರೀಕ್ಷೆಗಳಿಗೆ ನಿಯಮ ರೂಪಿಸುವ ಹಲವು ದೇಶಗಳ ಒಕ್ಕೂಟ, ಒಪ್ಪಿದ ವಿಧಾನ ನನಗೆ ತುಂಬಾ ಇಷ್ಟ. ಮಾಂಸಕ್ಕಾಗಿ ಕಡಿದ ದನಗಳ ಕಣ್ಣನ್ನು ಕಸಾಯಿಖಾನೆಯಿಂದ ತರುತ್ತಾರೆ. ಇದಕ್ಕೆಂದೇ ಯಾವ ಪ್ರಾಣಿಯೂ ಸಾಯುವುದಿಲ್ಲ. ಕಾರ್ನಿಯಾ ಬಿಡಿಸಿ, ಎರಡು ಪುಟ್ಟ ಕೋಣೆಗಳ ನಡುವೆ ಗೋಡೆಯಂತೆ ಬಿಗಿಯುತ್ತಾರೆ. ಪರೀಕ್ಷಿಸಬೇಕಾದ ರಾಸಾಯನಿಕವನ್ನು ಮುಂದಿನ ಕೋಣೆಗೆ ಹಾಕಿ, ದ್ರವವಾದರೆ 10 ನಿಮಿಷ ಇಟ್ಟು ತೊಳೆಯುತ್ತಾರೆ. ಎರಡು ಗಂಟೆ ಬಿಟ್ಟು, ಬೆಳಕು ಎಷ್ಟು ದಾಟುತ್ತದೆ ಅಂತ ಯಂತ್ರ ಅಳೆಯುತ್ತದೆ. ಆಮೇಲೆ ಮುಂದಿನ ಕೋಣೆಗೆ ಫ್ಲೋರೆಸೀನ್ ಬಣ್ಣ ಹಾಕಿ 90 ನಿಮಿಷ ಕಾಯುತ್ತಾರೆ. ಗೋಡೆ ಗಟ್ಟಿಯಿದ್ದರೆ ಬಣ್ಣ ಆಚೆ ಬರುವುದಿಲ್ಲ. ಪದರ ಹಾಳಾಗಿದ್ದರೆ ಹಿಂದಿನ ಕೋಣೆ ಹಳದಿ–ಹಸಿರಾಗುತ್ತದೆ. ಎರಡೂ ಅಳತೆ ಸೇರಿಸಿದ ಅಂಕ 55 ದಾಟಿದರೆ ಅದು ಕಣ್ಣಿಗೆ ಗಂಭೀರ ಹಾನಿ ಮಾಡುವ ವಸ್ತು. 3 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರಿಕೆಯ ಗುರುತು ಬೇಕಿಲ್ಲ. ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ ಕಡೆ ಕಾರ್ಖಾನೆ ಕೆಲಸಕ್ಕೆ ಹೋಗುವವರು ಡ್ರಮ್ಮಿನ ಮೇಲಿನ ಚೀಟಿ ನೋಡಬೇಕು. ಕೈ ಮೇಲೆ ದ್ರವ ಸುರಿದು ಕೊರೆಯುವ ಚಿತ್ರ ಇದ್ದರೆ, ಕಣ್ಣಿಗೂ ಅದೇ ಗತಿ ಅಂತ ತಿಳಿದು ಕನ್ನಡಕ ಹಾಕಿಕೊಳ್ಳಿ.

ಬಿಡಿಸಿದ ಕಾರ್ನಿಯಾ ವಾರಗಳ ಮೇಲೆ ವಾಸಿಯಾಗುತ್ತದೋ ಇಲ್ಲವೋ ಹೇಳಲಾರದು. ಅದಕ್ಕೇ ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯ ಕೋಶಗಳ ಪರೀಕ್ಷೆಯಂಥವನ್ನೂ ಬಳಸುತ್ತಾರೆ. ಸುಣ್ಣಕ್ಕೆ ಇಷ್ಟೆಲ್ಲ ಬೇಕಿಲ್ಲ. ಹುಳಿ–ಕ್ಷಾರದ ಅಳತೆಯಾದ ಪಿಎಚ್ (7 ಇದ್ದರೆ ಎರಡೂ ಅಲ್ಲ, ಮೇಲೆ ಹೋದಷ್ಟೂ ಕ್ಷಾರ) 11.5 ದಾಟಿದರೆ ಸಾಮಾನ್ಯವಾಗಿ ಪ್ರಾಣಿಗೆ ಹಾಕದೆಯೇ ಅಪಾಯಕಾರಿ ಅಂತ ಎಣಿಸುತ್ತಾರೆ. ಸುಣ್ಣದ ತಿಳಿಯ ಪಿಎಚ್ 12ರ ಮೇಲೇ ಇದೆ.

ಇಷ್ಟಾದರೂ ಸುಣ್ಣ ಬಿದ್ದ ಮಗುವಿನ ಕಣ್ಣಿಗೆ ತುಪ್ಪ ಬಿಡಿ, ಎದೆಹಾಲು ಹಿಂಡಿ, ಹರಳೆಣ್ಣೆ ಹಾಕಿ ಅನ್ನುವವರಿದ್ದಾರೆ. ದಯವಿಟ್ಟು ಬೇಡ. ಹುಳಿ ಸುಣ್ಣವನ್ನು ಕೊಲ್ಲುತ್ತದೆ ಅಂತ ನಿಂಬೆರಸ ಹಿಂಡುವುದಂತೂ ಬೇಡವೇ ಬೇಡ. ಪ್ಯಾಕೆಟ್ ಸುಣ್ಣ ಹಿಸುಕಿ ಆಡುವಾಗ ಒಡೆದು ಸಿಡಿದು ಎಷ್ಟೋ ಮಕ್ಕಳ ಕಣ್ಣು ಹೋಗಿವೆ. ನಲ್ಲಿಯೋ ಬಿಂದಿಗೆಯೋ, ಹತ್ತಿರ ಸಿಕ್ಕಿದ ಚೊಕ್ಕ ನೀರನ್ನು ಆ ಕ್ಷಣವೇ ಹರಿಸಲು ಶುರು ಮಾಡಿ. ಕನಿಷ್ಠ ಅರ್ಧ ಗಂಟೆ ಹರಿಸುತ್ತಲೇ ಇರಿ. ಮಗು ಅತ್ತರೂ ರೆಪ್ಪೆ ಬಿಡಿಸಿ ಹಿಡಿಯಿರಿ. ಆಮೇಲೆ ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಸುಣ್ಣದ ಕಣಗಳು ಮೇಲ್ರೆಪ್ಪೆಯ ಒಳಗೆ ಅಂಟಿಕೊಂಡು ಗಂಟೆಗಟ್ಟಲೆ ಕ್ಷಾರ ಬಿಡುತ್ತಲೇ ಇರುತ್ತವೆ. ಡಾಕ್ಟರು ರೆಪ್ಪೆ ಮಗುಚಿ ಅವನ್ನು ಒಂದೊಂದಾಗಿ ತೆಗೆಯುತ್ತಾರೆ, ಕಣ್ಣೀರಿಗೆ ಪಿಎಚ್ ಕಾಗದ ತಾಗಿಸಿ ಕ್ಷಾರ ಉಳಿದಿದೆಯಾ ನೋಡಿ, ಉಳಿದಿದ್ದರೆ ಮತ್ತೆ ತೊಳೆಯುತ್ತಾರೆ.