ಕನ್ನಡ ಓದೋಕೆ ಯಾವ ಇ-ರೀಡರ್ ಕೊಳ್ಳಲಿ?

ಪ್ರಶ್ನೆ: ನಾನು ಓದುವುದು ಜಾಸ್ತಿ ಕನ್ನಡ ಪುಸ್ತಕಗಳನ್ನೇ. ಕಿಂಡಲ್ ತಗೊಳ್ಳಲಾ, ಬೇರೆ ಏನಾದ್ರೂ ನೋಡಲಾ? ಈಗ ದುಡ್ಡು ಕೊಟ್ಟು ಕೊಂಡ ಪುಸ್ತಕ ಹತ್ತು ವರ್ಷ ಆದಮೇಲೂ ತೆರೆಯುತ್ತದಾ?

ಉತ್ತರ: ಎರಡನೇ ಪ್ರಶ್ನೆಯಿಂದಲೇ ಶುರು ಮಾಡೋಣ. ಅದು ಬಗೆಹರಿದರೆ ಮೊದಲನೆಯದು ಸುಲಭ.

ಹೆಚ್ಚಿನ ಇ-ಪುಸ್ತಕ ಅಂಗಡಿಗಳು ನಮಗೆ ಮಾರುವುದು ಓದುವ ಅನುಮತಿ ಮಾತ್ರ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು. ದುಡ್ಡು ವಾಪಸ್ ಬಂತು, ಆದರೆ ಕೊಂಡಿದ್ದ ಪುಸ್ತಕಗಳು ತೆರೆಯದಾದವು. 2025ರ ಫೆಬ್ರವರಿಯಲ್ಲಿ ಅಮೆಜಾನ್ ಕೂಡ ಒಂದು ದಾರಿ ಮುಚ್ಚಿತು: ಕೊಂಡ ಪುಸ್ತಕವನ್ನು ವೆಬ್‌ಸೈಟಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ ಮೂಲಕ ಕಿಂಡಲ್‌ಗೆ ಹಾಕಿಕೊಳ್ಳುವುದು. ಹಾಗಾಗಿ ಎಲ್ಲೇ ಕೊಳ್ಳಿ, ಬೀಗ ಇಲ್ಲದ, ಅಂದರೆ ಅಂಗಡಿಯ ಅಪ್ಪಣೆ ಇಲ್ಲದೆ ಎಲ್ಲಾದರೂ ತೆರೆಯಬಹುದಾದ, ಇಪಬ್ (ಇ-ಪುಸ್ತಕದ ಒಂದು ರೂಪ) ಫೈಲ್ ಕೈಗೆ ಸಿಗುತ್ತದಾ ಅಂತ ಮೊದಲು ಕೇಳಿ.

ಇಪಬ್ಬೇ ಯಾಕೆ? ಅದರ ಹೊಟ್ಟೆಯೊಳಗೆ ಇರುವುದು ಸಾದಾ ವೆಬ್ ಪುಟಗಳು, ಜಿಪ್ ಮಾಡಿ ಕಟ್ಟಿಟ್ಟಿರುತ್ತಾರೆ, ಅಷ್ಟೇ. ಬೀಗ ಇಲ್ಲದ ಒಂದು ಫೈಲನ್ನು ನಕಲು ಮಾಡಿ, ಹೆಸರಿನ ಕೊನೆಯಲ್ಲಿ ಇಪಬ್ ಇರುವಲ್ಲಿ ಜಿಪ್ ಅಂತ ಬರೆದು ಬಿಚ್ಚಿ ನೋಡಿ. ಅಧ್ಯಾಯಗಳು ಬ್ರೌಸರಿನಲ್ಲೇ ತೆರೆದುಕೊಳ್ಳುತ್ತವೆ. ನಾಳೆ ಯಾವ ಆ್ಯಪ್ ಇಲ್ಲದಿದ್ದರೂ ಪುಸ್ತಕ ಓದಬಹುದು.

ಕನ್ನಡದಲ್ಲಿ ಇನ್ನೊಂದು ತೊಡಕೂ ಇದೆ. ನಮ್ಮಪ್ಪ 'ನುಡಿ' ಎಂಬ ಹಳೇ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಊರಿನ ಕಥೆಗಳನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಒಂದಕ್ಷರ ಕನ್ನಡ ಇರಲಿಲ್ಲ. ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು, 'ನ' ಇರಬೇಕಾದ ಕಡೆಯೆಲ್ಲ ಪೌಂಡ್ ಗುರುತು! ಫೈಲ್ ಕೆಟ್ಟಿರಲಿಲ್ಲ, ಆ ಫಾಂಟ್ ಇರಲಿಲ್ಲ. ನಿಮ್ಮ ಹತ್ತಿರವೂ ಇಂಥ ಫೈಲುಗಳಿದ್ದರೆ ಈಗಲೇ ಯೂನಿಕೋಡ್‌ಗೆ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಬದಲಿಸಿ, ಅದಕ್ಕೆ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಿಟ್ಟು ನೋಡಿ, ತಪ್ಪು ಅಲ್ಲೇ ನುಸುಳುತ್ತದೆ.

ಇನ್ನು ಸಾಧನ. 'ಸ್ತ್ರೀ, ರಾಷ್ಟ್ರ, ಕರ್ನಾಟಕ, ಸೂರ್ಯ' ಇಷ್ಟು ಬರೆದ ಒಂದು ಚಿಕ್ಕ ಇಪಬ್ ಮಾಡಿ, ಗೆಳೆಯರ ಸಾಧನಕ್ಕೆ ಹಾಕಿ ನೋಡಿ. ಒತ್ತು ಅಕ್ಷರದ ಬುಡದಲ್ಲಿ ಕೂರದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತರೆ ಆ ಸಾಧನ ಬೇಡ. ಕೋಬೋ ಎಂಬ ಇ-ರೀಡರಿಗೆ ಕೇಬಲ್ ಚುಚ್ಚಿ ಇಪಬ್ ಹಾಗೇ ಹಾಕಬಹುದು. ಕಿಂಡಲ್‌ಗೆ 2022ರಿಂದ ಇಪಬ್ ಕಳಿಸಬಹುದು, ಆದರೆ ಅದು ತನ್ನ ರೂಪಕ್ಕೆ ಬದಲಿಸಿಕೊಳ್ಳುತ್ತದೆ, ಹಾಗಾಗಿ ಮೂಲ ಫೈಲ್ ಅಳಿಸಬೇಡಿ. ಕನ್ನಡವನ್ನೇ ಜಾಸ್ತಿ ಓದುವವರಿಗೆ ನಾನು ಹೇಳುವುದು ಬೂಕ್ಸ್ (Boox) ಬ್ರ್ಯಾಂಡಿನ ತರಹದ, ಆಂಡ್ರಾಯ್ಡ್ ಇರುವ ಇ-ಇಂಕ್ (ಕಾಗದದಂತೆ ಕಾಣುವ ಪರದೆಯ) ಸಾಧನ. ಒಂದು ಆ್ಯಪಿನಲ್ಲಿ ಕನ್ನಡ ಸರಿಯಾಗಿ ಮೂಡದಿದ್ದರೆ ಇನ್ನೊಂದು ಹಾಕಿಕೊಳ್ಳಬಹುದು ಅಲ್ವಾ? ಇಂಟರ್ನೆಟ್ ಆರ್ಕೈವ್ ಎಂಬ ವೆಬ್‌ಸೈಟಿನಲ್ಲಿ ಸಿಗುವ ಹಳೇ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್‌ಗಳಿಗೆ ಮಾತ್ರ 6 ಇಂಚಿನ ಪರದೆ ಸಾಲದು, 10 ಇಂಚಾದರೂ ಬೇಕು.

ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಡಲು ಕ್ಯಾಲಿಬರ್ ಎಂಬ ತಂತ್ರಾಂಶ ಇದೆ, ಉಚಿತ. ಅದು ಲೇಖಕರ ಹೆಸರಿನ ಫೋಲ್ಡರುಗಳಲ್ಲಿ ಎಲ್ಲವನ್ನೂ ಇಡುತ್ತದೆ. ಆ ಇಡೀ ಫೋಲ್ಡರಿನ ಒಂದು ನಕಲು ಮನೆಯ ಹಾರ್ಡ್ ಡಿಸ್ಕಿನಲ್ಲಿರಲಿ, ಇನ್ನೊಂದು ಬೇರೆ ಮನೆಯಲ್ಲಿರಲಿ. ನನ್ನ ಎರಡನೇ ಡಿಸ್ಕ್ ತಂಗಿ ಮನೆಯಲ್ಲಿದೆ. ದೀಪಾವಳಿಗೆ ಹೋದಾಗ ಹೊಸ ಪುಸ್ತಕ ಸೇರಿಸಿ, ಹಳೆಯವು ಒಂದೆರಡು ತೆರೆದು ನೋಡಿ ಬರುತ್ತೇನೆ. ಅಪ್ಪನ ಕಥೆಗಳೂ ಈಗ ಅದರಲ್ಲಿವೆ, ಯೂನಿಕೋಡ್‌ನಲ್ಲಿ.