ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಬೇಡಿ

ಮೈಸೂರಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಹಳೇ ಮನೆಗಳವರ ಫೋನ್ ಶುರುವಾಗುತ್ತದೆ. "ಸಾರ್, ಹೋದ ವರ್ಷ ತಾನೇ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ವಿ, ಮತ್ತೆ ಗೋಡೆ ಉಬ್ಬಿದೆ. ಇನ್ನೂ ಗಟ್ಟಿಯಾಗಿ ಮಾಡಿಸಬೇಕಿತ್ತಾ?" ಬೇಡ. ಆ ಗಟ್ಟಿತನವೇ ತೊಂದರೆ. ಎಷ್ಟು ಸಲ ಹೇಳಿದರೂ ಜನ ಒಪ್ಪುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಹಳೇ ಮನೆಗಳ ದಪ್ಪ ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಬುಡದಲ್ಲಿ ತೇವ ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ನೆಲದ ನೀರನ್ನು ಗೋಡೆ ಹೀರಿಕೊಳ್ಳುತ್ತದೆ, ಬಿಸಿಲು ಬಂದಾಗ ಸುಣ್ಣದ ಸಣ್ಣ ಸಣ್ಣ ರಂಧ್ರಗಳಿಂದ ಹೊರಗೆ ಬಿಡುತ್ತದೆ. ಇದು ದೋಷ ಅಲ್ಲ, ಅದು ಬದುಕುವ ರೀತಿಯೇ ಹಾಗೆ. ಮೇಲೆ ಸಿಮೆಂಟ್ ಮೆತ್ತಿದರೆ ನೀರಿಗೆ ಹೊರಬರಲು ದಾರಿ ಸಾಲದು. ಒಳಗೇ ಮೇಲೇರುತ್ತದೆ. ಮೊಣಕಾಲೆತ್ತರಕ್ಕಿದ್ದ ಒದ್ದೆ ಎದೆಯೆತ್ತರಕ್ಕೆ ಬರುತ್ತದೆ. ನೀರಿನ ಜೊತೆ ಬಂದ ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಇಟ್ಟಿಗೆಯನ್ನು ಒಡೆಯುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ನುಣ್ಣಗೆ, ಚೆನ್ನಾಗಿಯೇ ಇರುತ್ತದೆ.

ಲಕ್ಷ್ಮೀಪುರಂನ ಒಂದು ಮನೆಯಲ್ಲಿ ಇದನ್ನು ಕಣ್ಣಾರೆ ತೋರಿಸಿದೆ. ಯಜಮಾನರು ನಿವೃತ್ತ ಮೇಷ್ಟ್ರು, ಮನೆ ಅಂದ್ರೆ ಪ್ರಾಣ. ಗೋಡೆ ತಟ್ಟಿದರೆ ಡಬಡಬ ಅನ್ನುತ್ತಿತ್ತು. ಅಂಗೈಯಗಲ ಸಿಮೆಂಟ್ ಕೆತ್ತಿ ತೆಗೆದಾಗ ಹಿಂದಿದ್ದ ಇಟ್ಟಿಗೆ ಕೆಂಪು ಪುಡಿಯಾಗಿ ನೆಲಕ್ಕೆ ಸುರಿಯಿತು. "ನಮ್ಮಪ್ಪನ ಕಾಲದಲ್ಲಿ ಬರೀ ಸುಣ್ಣ ಬಳೀತಿದ್ರು, ಏನೂ ಆಗಿರ್ಲಿಲ್ಲ," ಎಂದರು. ಅವರ ಮುಖ ನೋಡಿ ನನಗೂ ಸಂಕಟವಾಯಿತು. ಮನೆಗೆ ಒಳ್ಳೆಯದಾಗಲಿ ಅಂತಲೇ ಅಲ್ವಾ ಅವರು ಅಷ್ಟು ಖರ್ಚು ಮಾಡಿದ್ದು?

ಪ್ಲಾಸ್ಟಿಕ್ ಇಮಲ್ಷನ್ ಬಣ್ಣದ್ದೂ ಹೆಚ್ಚುಕಡಿಮೆ ಇದೇ ಕಥೆ.

2012ರ ಆಗಸ್ಟ್‌ನಲ್ಲಿ ನಮ್ಮ ಮೈಸೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಬಿತ್ತು. ಅವುಗಳ ಕಾರಣದ ಬಗ್ಗೆ ನಾನಿಲ್ಲಿ ತೀರ್ಪು ಕೊಡುವುದಿಲ್ಲ. ಆದರೆ ಆಮೇಲೆ "ಸುಣ್ಣದ ಕಟ್ಟಡಗಳ ಆಯಸ್ಸೇ ಅಷ್ಟು" ಎನ್ನುವ ಮಾತು ಊರೆಲ್ಲ ಹಬ್ಬಿತಲ್ಲ, ಅದನ್ನು ಮಾತ್ರ ಒಪ್ಪಲಾರೆ. ಬೆಂಗಳೂರಿನ ಅಠಾರ ಕಚೇರಿ 1868ರದ್ದು. ಇವತ್ತೂ ಅಲ್ಲಿ ಹೈಕೋರ್ಟ್ ನಡೆಯುತ್ತಿದೆ.

ಹಾಗಾದರೆ ಏನು ಮಾಡಬೇಕು? ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಮದ್ರಾಸ್ ತಾರಸಿ ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಚಾವಣಿ. ಅದರ ತೊಲೆಗಳು ಕೊಳೆಯುವುದು ಹೆಚ್ಚಾಗಿ ಗೋಡೆಯೊಳಗೆ ಕೂತ ತುದಿಯಲ್ಲಿ. ಕೆಳಗೆ ನಿಂತವರಿಗೆ ಅದು ಕಾಣುವುದಿಲ್ಲ. ತಾರಸಿಯ ನೀರು ಹೋಗುವ ದಾರಿ ಕಟ್ಟಿಕೊಂಡಿದ್ದರೆ ಇವತ್ತೇ ಬಿಡಿಸಿ. ಸಂದಿಯಲ್ಲಿ ಅರಳಿ ಗಿಡ ಬೆರಳುದ್ದ ಇರುವಾಗಲೇ ಬೇರು ಸಮೇತ ತೆಗೆಸಿ.

ಗಾರೆಗೆ ನೆನೆಸಿ ಕೊಳೆಹಾಕಿದ ಸುಣ್ಣ, ಮರಳು, ಸುರ್ಕಿ (ಇಟ್ಟಿಗೆ ಪುಡಿ) ಬೇಕು. ನಮ್ಮ ಹಳೇ ಕೆಲಸಗಾರರು ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರನ್ನೂ ಹಾಕುತ್ತಾರೆ. ಸುಣ್ಣ ಗಾಳಿ ಕುಡಿದು ನಿಧಾನವಾಗಿ ಗಟ್ಟಿಯಾಗುತ್ತದೆ, ಅವಸರ ನಡೆಯುವುದಿಲ್ಲ. ಈ ನಿಧಾನ ತಾಳಲಾರದೆ ಮೇಸ್ತ್ರಿಗಳು "ಬೇಗ ಹಿಡೀಲಿ ಸಾರ್" ಅಂತ ಒಂದು ಬಾಂಡ್ಲಿ ಸಿಮೆಂಟ್ ಬೆರೆಸಿಬಿಡುತ್ತಾರೆ. ಕಲಸುವ ಹೊತ್ತಿನಲ್ಲಿ ಪಕ್ಕದಲ್ಲೇ ನಿಂತಿರಿ.

ಈಗಾಗಲೇ ಸಿಮೆಂಟ್ ಮೆತ್ತಿಸಿದ್ದರೆ ಗಾಬರಿಯಾಗಿ ಪೂರ್ತಿ ಕೀಳಿಸಬೇಡಿ. ಕೆಲವು ಕಡೆ ಕೀಳುವಾಗ ಇಟ್ಟಿಗೆಯೂ ಜೊತೆಗೇ ಬರುತ್ತದೆ. ಹಳೇ ಕಟ್ಟಡ ಗೊತ್ತಿರುವ ಎಂಜಿನಿಯರ್ ಒಬ್ಬರಿಗೆ ತೋರಿಸಿ, ಮೂಲೆಯಲ್ಲಿ ಒಂದಡಿ ಜಾಗ ಕೆತ್ತಿಸಿ ನೋಡಿ, ಆಮೇಲೆ ಮುಂದಿನದು.